ಅವರೂ ಅರ್ಜಿ ಹಾಕಿದ್ದರು ಕಣೋ

ಲೋ ಮಾರಾಯ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ನೀನು ಓದಿ, ಉತ್ತರ ಕೊಡದೆ ಮಲಗಿಬಿಡುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಹೆದರಬೇಡ, ಮೂಸಂಬಿ ಮೇಷ್ಟ್ರ ವಿಷಯ ಎತ್ತುವುದಿಲ್ಲ.

ಸರ್ಕಾರಿ ಚಿತ್ರಪ್ರದರ್ಶನ ಅಂದರೆ ನಾವಿಬ್ಬರೂ ಮೂಗು ಮುರಿಯುವವರು, ಅಲ್ವಾ? ನಮ್ಮ ದೇವರೆಲ್ಲ 19ನೇ ಶತಮಾನದ ಪ್ಯಾರಿಸ್‌ನ ರೊಮ್ಯಾಂಟಿಕ್ ಚಿತ್ರಕಾರರು, ನಿಯಮಕ್ಕಿಂತ ಭಾವಾವೇಶ ದೊಡ್ಡದು ಅಂದವರು, ಯಾರಿಗೂ ಬಗ್ಗದವರು. ಆದರೆ ಅವರು ಬಂಡೆದ್ದದ್ದು ಎಲ್ಲಿ ಹೇಳು? ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ, ಸರ್ಕಾರವೇ ನಡೆಸುತ್ತಿದ್ದ 'ಸಲೋನ್' ಅನ್ನುವ ಚಿತ್ರಪ್ರದರ್ಶನದಲ್ಲಿ!

ಅವರಲ್ಲೊಬ್ಬನಾದ ಜೆರಿಕೋನ 'ಮೆಡೂಸಾದ ತೆಪ್ಪ' ಚಿತ್ರ ನೋಡು. ಸುಮಾರು 5 ಮೀಟರ್ ಎತ್ತರ, 7 ಮೀಟರ್ ಅಗಲ. ಸುಮಾರು 20 ವರ್ಷ ಹಡಗೇ ನಡೆಸದವನನ್ನು ರಾಜನ ಕಡೆಯವನು ಅಂತ ಮೆಡೂಸಾ ಅನ್ನುವ ಹಡಗಿಗೆ ಕ್ಯಾಪ್ಟನ್ ಮಾಡಿದ್ದರು, 1816ರಲ್ಲಿ ಅವನು ಹಡಗನ್ನು ಮರಳದಿಬ್ಬಕ್ಕೆ ಹತ್ತಿಸಿದ, ತೆಪ್ಪದ ಮೇಲೆ ಬಿಟ್ಟುಹೋದ 147 ಜನರಲ್ಲಿ ಉಳಿದು ಸಿಕ್ಕವರು ಬರೀ 15. ಸರ್ಕಾರದ ಮಾನ ಹರಾಜು ಹಾಕುವ ಈ ಚಿತ್ರವನ್ನು ಜೆರಿಕೋ 1819ರಲ್ಲಿ ಸರ್ಕಾರದ ಗೋಡೆಗೇ ತಂದು ತೂಗುಹಾಕಿದ, 'ಹಡಗು ಒಡೆದ ದೃಶ್ಯ' ಅಂತ ಏನೂ ಗೊತ್ತಿಲ್ಲದವನ ಥರ ಹೆಸರಿಟ್ಟು! ಪದಕ ಕೊಟ್ಟರು, ಚಿತ್ರ ಕೊಳ್ಳಲಿಲ್ಲ. ಲೂವ್ರ್ ಕೊಂಡಿದ್ದು 1824ರಲ್ಲಿ. ಆ ಜನವರಿಯಲ್ಲೇ, 32ರ ವಯಸ್ಸಿಗೆ, ಅವನು ತೀರಿಕೊಂಡಿದ್ದ.

ಅದೇ ಗುಂಪಿನ ದೆಲಾಕ್ರ್ವಾನದು ಇನ್ನೊಂದು ಕಥೆ. ಅವನ 'ಸಾರ್ಡನಪಾಲಸ್‌ನ ಸಾವು' ಚಿತ್ರ ನೋಡಿ ಕಲಾ ಇಲಾಖೆಯ ಅಧಿಕಾರಿ ಅವನನ್ನು ಕರೆಸಿ, ಶೈಲಿ ಬದಲಿಸು, ಇಲ್ಲದಿದ್ದರೆ ಸರ್ಕಾರಿ ಕೆಲಸ ಸಿಗಲ್ಲ ಅಂದ. ಇವನು ಬದಲಿಸಲಿಲ್ಲ. ಇಲ್ಲಿಗೆ ನಾವು ಚಪ್ಪಾಳೆ ಹೊಡೆದು ಎದ್ದುಬಿಡುತ್ತೇವೆ. ಆದರೆ ಅದೇ ಮನುಷ್ಯ 1837ರಿಂದ ಫ್ರಾನ್ಸಿನ ಅಧಿಕೃತ ಕಲಾ ಅಕಾಡೆಮಿಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕುತ್ತಲೇ ಇದ್ದ. ಸೇರಿಸಿಕೊಂಡಿದ್ದು 1857ರಲ್ಲಿ.

ಇದನ್ನು ಓದಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ವಾರ್ಷಿಕ ಪ್ರದರ್ಶನಕ್ಕೆ ನಾನೂ ಚಿತ್ರ ಕಳಿಸುತ್ತೇನೆ ಕಣೋ, ನಿನಗೆ ಹೇಳದೆ. ಪಟ್ಟಿಯಲ್ಲಿ ಹೆಸರು ಹುಡುಕುತ್ತೇನೆ. ಇರುವುದಿಲ್ಲ. ಸಂಜೆ ನಿನ್ನ ಜೊತೆ ಕೂತು ತೀರ್ಪುಗಾರರನ್ನು ಬೈಯುತ್ತೇನೆ. ನೀನು ಬೈಯುವುದು ನಂಬಿಕೆಯಿಂದ, ನಾನು ಬೈಯುವುದು ನನ್ನನ್ನು ಕರೆಯಲಿಲ್ಲವಲ್ಲ ಅನ್ನುವ ಹೊಟ್ಟೆಯುರಿಗೆ. ದೆಲಾಕ್ರ್ವಾನೂ ಜಾಗ ಕೇಳಿದ, ಸರಿ, ಆದರೆ ತನ್ನ ಬಣ್ಣ ಬಿಟ್ಟುಕೊಡದೆ ಕೇಳಿದ. ನಾನೋ, ಹೋದ ಸಲ ಅವರಿಗೆ ಹಿಡಿಸಲಿ ಅಂತ ನನ್ನ ಆ ಕೆಂಪು ಆಕಾಶಕ್ಕೆ ತಿಳಿನೀಲಿ ಬಳಿದೆ.

ಅದೂ ಆಯ್ಕೆಯಾಗಲಿಲ್ಲ, ಬಿಡು.

ಜಾಸ್ತಿಯೇ ಹೇಳಿಬಿಟ್ಟೆ. ಓದುತ್ತಿರುವ ಉಳಿದವರು ದಯವಿಟ್ಟು ಸಮಾಧಾನ ಹೇಳಬೇಡಿ, ಚಿತ್ರ ಮಾರಾಟಕ್ಕಿದೆ, ಫ್ರೇಮ್ ಸಮೇತ ಕೊಡುತ್ತೇನೆ. ನಿನಗೆ ಮಾತ್ರ ರಿಯಾಯಿತಿ ಇಲ್ಲ. ಹೋದ ದೀಪಾವಳಿಯ ಬಾಕಿ ಮೊದಲು ತೀರಿಸು.