ಸಕ್ಕರೆಯ ಲೆಕ್ಕವೊಂದೇ ಸಾಲದು

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ (HbA1c ಪರೀಕ್ಷೆಯ ಅಂಕಿ) ಶೇ 6.8ಕ್ಕೆ ಇಳಿದಿದೆಯೆಂದು ತಿಳಿದು ಸಂತೋಷವಾಯಿತು. ಸಂಜೆಯ ನಡಿಗೆಯನ್ನೂ ಊಟದ ಮಿತಿಯನ್ನೂ ಬಿಡದೆ ಪಾಲಿಸಿದ್ದರ ಫಲವದು. ಆದರೆ ಅದೇ ಉತ್ಸಾಹದಲ್ಲಿ, ಕೊಲೆಸ್ಟ್ರಾಲ್ ಹೆಚ್ಚೇನೂ ಇಲ್ಲವಲ್ಲ ಎಂದುಕೊಂಡು, ವೈದ್ಯರು ಬರೆದುಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಿದ್ದೀಯೆಂದು ಸುಮ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಹೃದ್ರೋಗದ ವಾರ್ಡಿನಲ್ಲಿ ನರ್ಸ್ ಆಗಿ ಆಯುಷ್ಯ ಸವೆಸಿದವಳು ಸುಮ್ಮನಿರುವುದು ಸರಿಯಲ್ಲವೆನಿಸಿ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ಇರುವವರಿಗೆ ಹೃದಯದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ರಕ್ತದಲ್ಲಿ ಹೆಚ್ಚಾಗಿ ಉಳಿದ ಸಕ್ಕರೆ ರಕ್ತನಾಳದ ಒಳಪದರವನ್ನು ವರ್ಷಗಟ್ಟಲೆ ಕೆಡಿಸುತ್ತ ಬರುತ್ತದೆ, ಕೆಟ್ಟ ಜಾಗದಲ್ಲಿ ಕೊಬ್ಬು ನುಸುಳಿ ಗಡ್ಡೆಕಟ್ಟುತ್ತದೆ, ಜೊತೆಗೆ ಬಿ.ಪಿ. ಏರುವುದೂ ರಕ್ತ ಬೇಗ ಹೆಪ್ಪುಗಟ್ಟುವುದೂ ಇದೇ ಕಾಯಿಲೆಯ ಒಡನಾಡಿಗಳು. ನಿನ್ನ ರಿಪೋರ್ಟಿನಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲಿನ ಅಂಕಿ ಸಾಧಾರಣವಾಗಿ ಕಂಡರೂ, ಮಧುಮೇಹಿಗಳಲ್ಲಿ ಆ ಕೊಬ್ಬಿನ ಕಣಗಳು ಅನೇಕ ವೇಳೆ ಸಣ್ಣವಾಗಿಯೂ ಸಾಂದ್ರವಾಗಿಯೂ ಇರುವುದರಿಂದ ನಾಳದ ಗೋಡೆಯೊಳಕ್ಕೆ ಸುಲಭವಾಗಿ ಇಳಿಯುತ್ತವೆ. ಆದಕಾರಣ ಸಕ್ಕರೆ ಇಲ್ಲದವನಿಗೆ ಸಾಕಾಗುವ ಅಂಕಿ ನಿನಗೆ ಸಾಲದು.

ಇದು ನನ್ನೊಬ್ಬಳ ಭಯವಲ್ಲ. ಬ್ರಿಟನ್ನಿನಲ್ಲಿ ಮಧುಮೇಹಿಗಳನ್ನು ದೀರ್ಘಕಾಲ ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1998ರಲ್ಲಿ ಹೊರಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರ ಕಣ್ಣು, ಮೂತ್ರಪಿಂಡಗಳಿಗೆ ಸ್ಪಷ್ಟವಾಗಿ ಒಳಿತಾಗಿತ್ತು. ಹೃದಯಾಘಾತದ ಮಟ್ಟಿಗೆ ಮಾತ್ರ ಅಷ್ಟು ಖಚಿತವಾಗಿ ಹೇಳುವಂತಿರಲಿಲ್ಲ. ಅದೇ ಅಧ್ಯಯನದಲ್ಲಿ ಬಿ.ಪಿ.ಯನ್ನು ಬಿಗಿಯಾಗಿ ಇಳಿಸಿದವರಲ್ಲಿ ಪಾರ್ಶ್ವವಾಯು ಶೇ 44ರಷ್ಟು ತಗ್ಗಿತ್ತು. ಹಾಗೆಂದು ಸಕ್ಕರೆಯನ್ನು ಸಡಿಲ ಬಿಡಬೇಡ, ಮೊದಲ ವರ್ಷಗಳಲ್ಲೇ ಹಿಡಿದಿಟ್ಟವರಿಗೆ ಹತ್ತು ವರ್ಷಗಳ ನಂತರವೂ ಹೃದಯಾಘಾತ ಕಡಿಮೆಯಾಗಿದ್ದುದು 2008ರಲ್ಲಿ ತಿಳಿಯಿತು. ಇನ್ನು ನೀನು ಬಿಟ್ಟ ಮಾತ್ರೆಯ ವಿಷಯ. ಕೊಲೆಸ್ಟ್ರಾಲ್ ಹೆಚ್ಚಿಲ್ಲದ, ಅದುವರೆಗೆ ಹೃದ್ರೋಗವೂ ಕಾಣಿಸದ 2,800ಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ ಪರೀಕ್ಷೆಯಲ್ಲಿ, ದಿನಕ್ಕೆ 10 ಮಿಲಿಗ್ರಾಂ ಅಟೊರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ತೆಗೆದುಕೊಂಡವರಿಗೆ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಆಪತ್ತು ಶೇ 37ರಷ್ಟು ಕಡಿಮೆಯಾಯಿತು. ಪ್ರಯೋಜನ ಅಷ್ಟು ನಿಚ್ಚಳವಾಗಿದ್ದುದರಿಂದ ಆ ಪರೀಕ್ಷೆಯನ್ನು ಎರಡು ವರ್ಷ ಮುಂಚೆಯೇ ನಿಲ್ಲಿಸಿದರು. ಮಗು, ಆ ಜನ ನಿನ್ನಂಥವರೇ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಸಕ್ಕರೆ ಕಾಯಿಲೆ ನರಗಳನ್ನೂ ಸವೆಸುವುದರಿಂದ ಹೃದಯಾಘಾತವಾದರೂ ಎದೆನೋವು ಗೊತ್ತಾಗದೆ ಹೋಗಬಹುದು. ನಮ್ಮ ವಾರ್ಡಿಗೆ ಒಮ್ಮೆ ಕಿರಾಣಿ ಅಂಗಡಿಯವರೊಬ್ಬರನ್ನು ಕರೆತಂದಿದ್ದರು. ರಾತ್ರಿಯಿಡೀ ಅಂಗಿ ತೊಯ್ಯುವಷ್ಟು ಬೆವರಿದ್ದರು, ಹೊಟ್ಟೆ ಉಬ್ಬರಿಸಿದಂತಾಗಿತ್ತು; ಮನೆಯವರು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಕುಡಿಸಿ ಬೆಳಗಿನವರೆಗೆ ಕಾದಿದ್ದರು. ಇ.ಸಿ.ಜಿ. ಪಟ್ಟಿ ಹೊರಬರುತ್ತಿದ್ದಂತೆಯೇ ಡ್ಯೂಟಿ ಡಾಕ್ಟರ ಮುಖ ಬದಲಾಯಿತು. ಅವರು ಬದುಕಿದರು, ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಆ ರಾತ್ರಿಯಲ್ಲೇ ಸತ್ತಿತ್ತು. ಕಾರಣವಿಲ್ಲದ ಬೆವರು, ಎರಡು ಮೆಟ್ಟಿಲಿಗೇ ಏದುಸಿರು, ದವಡೆಯಲ್ಲೋ ಎಡತೋಳಿನಲ್ಲೋ ಭಾರ, ಹಿಂದೆಂದೂ ಇಲ್ಲದ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ಕಷಾಯಕ್ಕೆ ಒಲೆ ಹಚ್ಚದೆ ನೇರವಾಗಿ ಆಸ್ಪತ್ರೆಗೆ ಹೊರಡಬೇಕೆಂದು ಸುಮಳಿಗೂ ಹೇಳಿಡು.

ಈ ವಾರವೇ ನಿನ್ನ ವೈದ್ಯರನ್ನು ಕಂಡು, ಮಾತ್ರೆ ನಿಲ್ಲಿಸಿದ ವಿಷಯವನ್ನು ಮುಚ್ಚಿಡದೆ ತಿಳಿಸು. ಮೈಕೈ ನೋವಿನಿಂದ ಬಿಟ್ಟಿದ್ದರೆ ಅದನ್ನೂ ಹೇಳು. ಪ್ರಮಾಣ ಇಳಿಸಲೂ ಬೇರೆ ಮಾತ್ರೆ ಕೊಡಲೂ ಅವರಿಗೆ ದಾರಿಗಳಿವೆ. ಬಿ.ಪಿ. ನೋಡಿಸಿಕೊಂಡು, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆಯನ್ನೂ ಕೇಳು, ಏಕೆಂದರೆ ಅದು ಮೂತ್ರಪಿಂಡದ ಜೊತೆಗೆ ಹೃದಯದ ಸುಳಿವನ್ನೂ ಕೊಡುತ್ತದೆ. ಸ್ನೇಹಿತರೊಡನೆ ಸೇದುವ ಆ ಒಂದೆರಡು ಸಿಗರೇಟನ್ನು ಪೂರ್ತಿ ಬಿಟ್ಟುಬಿಡು; ಇದರಲ್ಲಿ ನನಗೆ ರಾಜಿಯಿಲ್ಲ. ವೈದ್ಯರು ಏನೆಂದರೆಂದು ನನಗೆ ಫೋನ್ ಮಾಡಿ ತಿಳಿಸು.

ಇತಿ,
ನಿನ್ನ ಸೋದರತ್ತೆ