ಚಿಲ್ಲರೆ ಕೊಟ್ಟವರಿಗೆಲ್ಲ

ನಮ್ಮೂರ ಶಾಲೆಯಲ್ಲಿ ಇಟ್ಟಿದ್ದ ನಾಣ್ಯಗಳ ಪ್ರದರ್ಶನ ಕಳೆದ ವಾರ ಚೆನ್ನಾಗಿ ಮುಗಿಯಿತು. ಬಂದು ನೋಡಿದವರಿಗೆ, ಬರಲಾಗದೆ ಫೋನಿನಲ್ಲೇ ವಿಚಾರಿಸಿದವರಿಗೆ, ಬೆಂಚು ಹೊತ್ತ ಹುಡುಗರಿಗೆ, ಲೈಟು ಕಟ್ಟಿಕೊಟ್ಟವರಿಗೆ ಎಲ್ಲರಿಗೂ ನನ್ನ ನಮಸ್ಕಾರ. ಹೋದ ಆಟಿ ತಿಂಗಳ ಮಳೆಯಲ್ಲಿ ಹೊಳೆ ಮನೆಯೊಳಗೆ ಬಂದಾಗ ಈ ಸಂಗ್ರಹದ ಕತೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಅದು ಮತ್ತೆ ಮೇಜಿನ ಮೇಲೆ ಬಂದದ್ದು ನಿಮ್ಮಿಂದ. ಎದುರು ಸಿಕ್ಕಾಗ ಇದನ್ನೆಲ್ಲ ಹೇಳಲು ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಚಿನ್ನದ ನಾಣ್ಯವಿಲ್ಲ. ಹರಾಜಿನಲ್ಲಿ ಕೊಂಡದ್ದೂ ಇಲ್ಲ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಆಯುಷ್ಯ ಕಳೆದವನು ನಾನು. ಊರಿನವರು ಮುಂಬಯಿಗೆ ಹೋದರು, ಕುವೈತಿಗೆ ಹೋದರು, ಹಡಗಿಗೆ ಸೇರಿದರು, ಆಮೇಲಿನ ಮಕ್ಕಳು ಲಂಡನ್ನಿಗೆ, ಡಬ್ಲಿನ್ನಿಗೆ ಹೋದರು. ರಜೆಯಲ್ಲಿ ಬಂದವರು ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು, 'ಪೋಸ್ಟ್ ಮಾಷ್ಟ್ರೇ, ಇದು ಬ್ಯಾಂಕಿನಲ್ಲಿ ಬದಲಿ ಆಗುವುದಿಲ್ಲವಂತೆ, ನೀವು ಇಟ್ಟುಕೊಳ್ಳಿ' ಎಂದು ಕೊಟ್ಟು ಹೋದರು. ಬ್ಯಾಂಕಿನವರು ವಿದೇಶಿ ನೋಟು ತೆಗೆದುಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಹಾಗಾಗಿ ಲೋಕದ ಅತಿ ಸಣ್ಣ ಬೆಲೆಯ ನಾಣ್ಯಗಳೇ ನನ್ನ ಪಾಲಿಗೆ ಬಂದವು. ಅದು ಎಂಥ ಭಾಗ್ಯ ಎಂಬುದು ಭೂತಗನ್ನಡಿ ಹಿಡಿದು ನೋಡುತ್ತ ನೋಡುತ್ತ ತಿಳಿಯಿತು. ಎಷ್ಟೋ ದೇಶಗಳಲ್ಲಿ ಅತ್ಯಂತ ಚಂದದ ಚಿತ್ರ ಇರುವುದು ಅತ್ಯಂತ ಅಗ್ಗದ ನಾಣ್ಯದ ಮೇಲೆ.

ಇಂಗ್ಲೆಂಡಿನ ಫಾರ್ದಿಂಗ್ ನೋಡಿ. ಪೆನ್ನಿಯ ಕಾಲು ಭಾಗ, ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕಿಂತ ಕೆಳಗಿನ ನಾಣ್ಯ ಅಲ್ಲಿ ಚಲಾವಣೆಯಲ್ಲಿ ಇರಲಿಲ್ಲ. 1937ರಲ್ಲಿ ಅದರ ಮೇಲೆ ಹೆರಾಲ್ಡ್ ವಿಲ್ಸನ್ ಪಾರ್ಕರ್ ಎಂಬ ಶಿಲ್ಪಿ ರೆನ್ ಹಕ್ಕಿಯನ್ನು ಕೂರಿಸಿದ. ಅಲ್ಲಿಯ ಹಕ್ಕಿಗಳಲ್ಲೇ ತೀರ ಸಣ್ಣದೊಂದು, ಬಾಲ ಮೇಲಕ್ಕೆತ್ತಿ ನಿಂತಿದೆ. ಸಣ್ಣ ನಾಣ್ಯಕ್ಕೆ ಸಣ್ಣ ಹಕ್ಕಿ. ನಾರ್ವೆಯ ಒಂದು ಓರೆ ಎಂಬ ಪುಡಿ ನಾಣ್ಯದ ಮೇಲೆ ಅಳಿಲು ಇತ್ತು. ನಮ್ಮದೇ 1950ರ ಒಂದು ಪೈಸೆಯ ಮೇಲೆ ಓಡುವ ಕುದುರೆ. ಆಣೆಗಳ ಮೇಲಿನ ಗೂಳಿಯ ಹಾಗೆಯೇ ಈ ಕುದುರೆಯೂ ಸಾರನಾಥದ ಅಶೋಕ ಸ್ತಂಭದ ಪೀಠವನ್ನು ನೆನಪಿಸುತ್ತದೆ. ಗೂಳಿ ಮತ್ತು ಕುದುರೆ ಆನೆ, ಸಿಂಹಗಳ ಜೊತೆ ಆ ಪೀಠದ ಸುತ್ತ ಇಂದಿಗೂ ನಡೆಯುತ್ತಿವೆ. ಕೂಲಿಯವನ ಕೈಗೆ ದಿನವೂ ಬರುವ ಕಾಸಿಗೆ ಇಷ್ಟು ಶ್ರದ್ಧೆ ಕೊಟ್ಟ ಕಲಾವಿದರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ಇನ್ನು ನೆರೆಯ ವಿಷಯ. ರಾತ್ರಿ ನೀರು ಏರಿದಾಗ ಆಲ್ಬಮ್ಮುಗಳು ಕೆಳಗಿನ ಕಪಾಟಿನಲ್ಲಿದ್ದವು. ಪಕ್ಕದ ಮನೆಯ ಹುಡುಗರು ಎದೆಮಟ್ಟದ ನೀರಿನಲ್ಲಿ ಅವನ್ನು ತಲೆಯ ಮೇಲಿಟ್ಟುಕೊಂಡು ತಂದರು. ನಾಣ್ಯ ಕರಗಿ ಹೋಗುವ ವಸ್ತುವಲ್ಲ, ನಿಜ. ಆದರೆ ಕೆಸರು ನೀರು ತಾಮ್ರದ ಮೇಲೆ ಕೂತರೆ ಹಸಿರು ಹಿಡಿಯುತ್ತದೆ. ಅಗ್ಗದ ಪ್ಲಾಸ್ಟಿಕ್ ಹಾಳೆಗಳಲ್ಲಿ ಪಿವಿಸಿ ಇರುತ್ತದೆ, ಒದ್ದೆಯಾದರೆ ಅದೂ ಅಂಟಂಟಾಗಿ ಲೋಹವನ್ನು ತಿನ್ನುತ್ತದೆ. ಕಾಲೇಜಿನ ಕೆಮಿಸ್ಟ್ರಿ ಮೇಡಮ್ ಮರುದಿನವೇ ಡಿಸ್ಟಿಲ್ಡ್ ವಾಟರಿನ ಕ್ಯಾನು ತಂದು, ವಿದ್ಯಾರ್ಥಿಗಳನ್ನೂ ಕರೆದುಕೊಂಡು ಬಂದರು. ತಾಮ್ರದ್ದು ಒಂದು ಬೋಗುಣಿಗೆ, ಅಲ್ಯೂಮಿನಿಯಮ್ಮಿನದು ಇನ್ನೊಂದಕ್ಕೆ, ಬೆಳ್ಳಿ ಬೇರೆ. ಬೇರೆ ಬೇರೆ ಲೋಹ ಒಂದೇ ನೀರಿನಲ್ಲಿ ಕೂತರೆ ಒಂದು ಇನ್ನೊಂದನ್ನು ಕೆಡಿಸುತ್ತದೆ ಎಂದು ವಿವರಿಸಿದರು. ಉಜ್ಜಬಾರದು, ಒತ್ತಿ ಒರೆಸಬೇಕು. ಪ್ಲಾಸ್ಟಿಕ್ಕಿನ ಅಂಟು ಹಿಡಿದದ್ದಕ್ಕೆ ಮಾತ್ರ ಅಸಿಟೋನ್, ಅದೂ ಕಿಟಕಿ ತೆರೆದಿಟ್ಟು. ಮೇಡಮ್, ನಿಮ್ಮ ಆ ಮಕ್ಕಳ ಬೆರಳಿನ ಸೂಕ್ಷ್ಮ ನಾನು ಮರೆಯುವುದಿಲ್ಲ.

ಲೋಹ ಉಳಿಯಿತು, ಚೀಟಿಗಳು ಉಳಿಯಲಿಲ್ಲ. ಪ್ರತಿ ನಾಣ್ಯದ ಕೆಳಗೆ ಅದನ್ನು ಕೊಟ್ಟವರ ಹೆಸರು ಬರೆದಿಟ್ಟಿದ್ದೆ. ಶಾಯಿ ಪೂರ್ತಿ ತೊಳೆದು ಹೋಗಿತ್ತು. ದೇಶ ಯಾವುದು, ಇಸವಿ ಯಾವುದು ಎಂಬುದನ್ನು ನಾಣ್ಯವೇ ಹೇಳುತ್ತದೆ, ಪುಸ್ತಕವೂ ಹೇಳುತ್ತದೆ. ಯಾರು ಕೊಟ್ಟರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ನನಗೆ ನಿಜವಾಗಿ ನಷ್ಟವಾದದ್ದು ಅದು, ಮತ್ತು ನೀವೆಲ್ಲ ತುಂಬಿಕೊಟ್ಟದ್ದೂ ಅದನ್ನೇ. ಮಗಳು ಒಂದೊಂದೇ ನಾಣ್ಯದ ಫೋಟೋ ತೆಗೆದು ಊರಿನವರ ವಾಟ್ಸಾಪ್ ಗುಂಪುಗಳಿಗೆ ಕಳಿಸಿದಳು. 'ಇದು ನಮ್ಮ ಅಪ್ಪ ಕೊಟ್ಟದ್ದು', 'ಇದು ನಾನು ಮೊದಲ ಸಲ ಬಂದಾಗ ತಂದದ್ದು' ಎಂದು ಉತ್ತರಗಳು ಬರತೊಡಗಿದವು. ತೀರಿಹೋದವರ ಮಕ್ಕಳು ಸಹ ಗುರುತು ಹಿಡಿದರು.

ಅದರಲ್ಲಿ ಮೊದಲು ಉತ್ತರ ಬಂದದ್ದು ಡಬ್ಲಿನ್ನಿನಿಂದ. ನನ್ನ ದೊಡ್ಡಪ್ಪನ ಮಗಳು ಅಲ್ಲಿ ನರ್ಸ್ ಆಗಿದ್ದಾಳೆ. ಅವಳು ಕೊಟ್ಟದ್ದು ಐರ್ಲೆಂಡಿನ ಹಳೆಯ ಪೆನ್ನಿ. ಅವಳ ವಾರ್ಡಿನಲ್ಲಿದ್ದ ಅಜ್ಜಿಯೊಬ್ಬರು ಡಿಸ್ಚಾರ್ಜ್ ಆಗುವ ದಿನ ಕೈಯಲ್ಲಿಟ್ಟದ್ದಂತೆ. ನನ್ನ ಇಡೀ ಸಂಗ್ರಹದಲ್ಲಿ ಒಂದನ್ನೇ ಆರಿಸು ಎಂದರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ. ತಾಯಿಕೋಳಿ, ಸುತ್ತ ಐದು ಮರಿಗಳು. ಅಷ್ಟೇ ಚಿತ್ರ. ಆದರೆ ಆ ಕೋಳಿ ನಿಂತ ಭಂಗಿ, ಮರಿಗಳ ಪುಟ್ಟ ಮೈಗಳು, ಅವುಗಳ ನಡುವೆ ಬಿಟ್ಟ ಖಾಲಿ ಜಾಗ, ಒಂದು ಗೆರೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಇದರ ಹಿಂದಿನ ಕತೆ ಪ್ರದರ್ಶನದಲ್ಲಿ ಎಲ್ಲರಿಗೂ ಹೇಳಲು ಸಮಯ ಸಿಗಲಿಲ್ಲ. ಐರ್ಲೆಂಡ್ ಆಗಷ್ಟೇ ಬ್ರಿಟಿಷರ ಕೈಯಿಂದ ಬಿಡಿಸಿಕೊಂಡಿತ್ತು. ಸ್ವಂತ ನಾಣ್ಯಕ್ಕೆ ಚಿತ್ರ ಯಾವುದಿರಬೇಕೆಂದು ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷ ಕವಿ ಡಬ್ಲ್ಯು. ಬಿ. ಯೇಟ್ಸ್. ಸಮಿತಿ ರಾಜಕಾರಣಿಗಳ ಮುಖವನ್ನು ದೂರವಿಟ್ಟು ತಮ್ಮ ಹೊಲ, ಹಟ್ಟಿ, ಹೊಳೆಯ ಪ್ರಾಣಿಗಳನ್ನು ಆರಿಸಿತು. ಕುದುರೆ, ಸಾಲ್ಮನ್ ಮೀನು, ಗೂಳಿ, ಬೇಟೆನಾಯಿ, ಮೊಲ, ಕೋಳಿ, ಮರಿಗಳೊಂದಿಗೆ ಹಂದಿ, ಕೊನೆಗೆ ಫಾರ್ದಿಂಗಿನ ಮೇಲೆ ವುಡ್‌ಕಾಕ್ ಹಕ್ಕಿ. ಎಲ್ಲದರ ಇನ್ನೊಂದು ಬದಿಗೆ ಅವರ ಹಾರ್ಪ್ ವಾದ್ಯ. ಹೊರದೇಶದ ಶಿಲ್ಪಿಗಳನ್ನೂ ಕರೆದು, ಹೆಸರು ಮುಚ್ಚಿಟ್ಟು ಮಾದರಿಗಳನ್ನು ನೋಡಿದರು. ಗೆದ್ದವನು ಪರ್ಸಿ ಮೆಟ್‌ಕಾಫ್, ಒಬ್ಬ ಇಂಗ್ಲಿಷಿನವನು! ಯಾರಿಂದ ಬಿಡುಗಡೆ ಪಡೆದರೋ ಆ ನಾಡಿನವನ ಕೆಲಸ ಒಳ್ಳೆಯದಾಗಿತ್ತು ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಕೊಂಡರಲ್ಲ, ನನಗೆ ಆ ದೊಡ್ಡತನವೂ ನಾಣ್ಯದಷ್ಟೇ ಚಂದ ಕಾಣುತ್ತದೆ. ಕೃಷಿ ಇಲಾಖೆಯವರು ಗೂಳಿಯ, ಹಂದಿಯ ಮೈಕಟ್ಟು ಒಳ್ಳೆಯ ತಳಿಯದ್ದರ ಹಾಗೆ ಕಾಣಬೇಕೆಂದು ತಿದ್ದಿಸಿದರು. 1928ರಲ್ಲಿ ಈ ಎಂಟೂ ಚಲಾವಣೆಗೆ ಬಂದವು.

ಆ ಪೆನ್ನಿಯನ್ನು ಹೇಗೆ ನೋಡಬೇಕೆಂದು ನನಗೆ ಕಲಿಸಿದವರು ರಥಬೀದಿಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ಯರು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿ, 'ಇದನ್ನು ಮಾಡಿದವನು ಕೋಳಿ ಸಾಕಿರಬೇಕು' ಎಂದರು. ಆಮೇಲೆ ಅಚ್ಚಿನ ವಿಷಯ ಹೇಳಿದರು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು, ಉಬ್ಬು ಇರಬೇಕಾದಲ್ಲಿ ತಗ್ಗು. ತೀರ ಎತ್ತರದ ಉಬ್ಬು ಮಾಡಿದರೆ ಒಂದೇ ಏಟಿಗೆ ಲೋಹ ಅಚ್ಚಿನ ಮೂಲೆ ಮೂಲೆಗೆ ಹರಿಯುವುದಿಲ್ಲ. ಅಮೆರಿಕದಲ್ಲಿ 1907ರಲ್ಲಿ ಸೇಂಟ್ ಗಾಡೆನ್ಸ್ ಎಂಬ ಶಿಲ್ಪಿ ಮಾಡಿದ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯಕ್ಕೆ ಇದೇ ಕಷ್ಟ ಬಂತು. ಅಷ್ಟು ಉಬ್ಬಿಗೆ ಒಂದೊಂದು ನಾಣ್ಯಕ್ಕೂ ಹಲವು ಏಟು ಬೇಕಾಗಿ, ಕೊನೆಗೆ ಉಬ್ಬು ತಗ್ಗಿಸಿಯೇ ಅಚ್ಚು ಹಾಕಬೇಕಾಯಿತು. ಶಿಲ್ಪಿ ಮೊದಲು ತಟ್ಟೆಯಗಲದ ಪ್ಲಾಸ್ಟರ್ ಮಾದರಿ ಮಾಡುತ್ತಾನೆ, ಯಂತ್ರ ಅದನ್ನು ಗೆರೆಗೆ ಗೆರೆ ಹಿಂಬಾಲಿಸಿ ಉಕ್ಕಿನಲ್ಲಿ ಚಿಕ್ಕದಾಗಿ ಕೊರೆಯುತ್ತದೆ. ತಟ್ಟೆಯಲ್ಲಿ ಚಂದ ಕಂಡದ್ದು ಕಾಸಿನಗಲಕ್ಕೆ ಇಳಿದಾಗಲೂ ಚಂದ ಉಳಿಯಬೇಕು. ಆಚಾರ್ಯರೇ, ಇದನ್ನು ತಿಳಿದ ಮೇಲೆ ನನ್ನ ಕಣ್ಣೇ ಬದಲಾಯಿತು.

ಐಸ್‌ಲ್ಯಾಂಡಿನ ನಾಣ್ಯಗಳ ಮುಂದೆ ಎರಡೂ ದಿನ ಜನ ನೆರೆದಿದ್ದರು. ಅಲ್ಲಿಗೆ ತಿರುಗಾಟಕ್ಕೆ ಹೋದ ಬೆಂಗಳೂರಿನ ಹುಡುಗಿ ತಂದುಕೊಟ್ಟದ್ದು. ಮೀನುಗಾರಿಕೆಯ ಮೇಲೆ ನಿಂತ ದೇಶ, ನಾಣ್ಯಗಳ ಮೇಲೂ ಕಡಲೇ. ಒಂದು ಕ್ರೋನದ ಮೇಲೆ ಕಾಡ್ ಮೀನು, ಐದರ ಮೇಲೆ ಜೋಡಿ ಡಾಲ್ಫಿನ್, ಐವತ್ತರ ಮೇಲೆ ಏಡಿ. ಹತ್ತರ ಮೇಲೆ ಕ್ಯಾಪೆಲಿನ್ ಎಂಬ ನಾಲ್ಕು ಸಣ್ಣ ಮೀನುಗಳು ಒಟ್ಟಾಗಿ ಈಜುತ್ತವೆ. ಮೀನು ಮಾರುವ ಅಕ್ಕ ಒಬ್ಬರು ಬುಟ್ಟಿ ಹೊರಗಿಟ್ಟು ಒಳಗೆ ಬಂದು, ಬಗ್ಗಿ ನೋಡಿ, 'ಇದು ನಮ್ಮ ಬೂತಾಯಿ ಅಲ್ವಾ ಮಾಷ್ಟ್ರೇ?' ಎಂದು ಕೇಳಿದರು. ಬೂತಾಯಿ ಅಲ್ಲ, ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಕರಾವಳಿಯನ್ನು ಆಳಿದ ಆಳುಪರೂ ತಮ್ಮ ನಾಣ್ಯದ ಮೇಲೆ ಜೋಡಿ ಮೀನು ಹಾಕಿಸಿದ್ದರು. ಅದನ್ನು ಹೇಳಿದಾಗ ಅವರ ಮುಖ ಅರಳಿತು. ಅಕ್ಕ, ನೀವು ಬಂದದ್ದು ನನಗೆ ದೊಡ್ಡ ಗೌರವ.

ಕುವೈತಿನ ನಾಣ್ಯಗಳನ್ನು ಕೊಟ್ಟದ್ದು ಮಸೀದಿ ರಸ್ತೆಯ ಕಾಕ. ಅವುಗಳ ಮೇಲೆ ಹಾಯಿ ಬಿಚ್ಚಿದ ಹಡಗು ಇದೆ, ಬೂಮ್ ಎಂಬ ಜಾತಿಯದು. ಮರವಿಲ್ಲದ ಆ ಮರಳುಗಾಡಿನವರು ಹಡಗು ಕಟ್ಟಲು ತೇಗವನ್ನು ಮಲಬಾರಿನಿಂದ ಒಯ್ಯುತ್ತಿದ್ದರು. 1961ರಲ್ಲಿ ಸ್ವಂತ ದಿನಾರ್ ಬರುವವರೆಗೆ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಿಂದ ಕೊಲ್ಲಿಗೆಂದೇ ಬೇರೆ ರೂಪಾಯಿ ನೋಟನ್ನು ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಮಾಡಿಸುತ್ತಿತ್ತು. ಕಾಕ ದುಬೈಯಲ್ಲಿಯೂ ಕೆಲವು ಕಾಲ ಇದ್ದವರು, ಅಲ್ಲಿಯ ಒಂದು ದಿರ್ಹಮಿನ ಮೇಲಿರುವ ದಲ್ಲಾ ಎಂಬ ಕಾಫಿ ಹೂಜಿಯನ್ನು ತೋರಿಸಿ, ಅತಿಥಿಗೆ ಅದರಿಂದ ಕಾಫಿ ಬಗ್ಗಿಸುವ ರೀತಿಯನ್ನು ಮಕ್ಕಳಿಗೆ ಅಭಿನಯಿಸಿ ತೋರಿಸಿದರು. ಕಾಕ, ಮೊಣಕಾಲು ನೋವಿದ್ದರೂ ಎರಡೂ ದಿನ ಆ ಮೇಜಿನ ಹತ್ತಿರವೇ ನಿಂತಿರಿ.

ಲಂಡನ್ನಿನ ಹುಡುಗ ಕಳಿಸಿದ ಆರು ನಾಣ್ಯಗಳನ್ನು ಮಕ್ಕಳು ಬಿಡಲೇ ಇಲ್ಲ. ಮ್ಯಾಥ್ಯೂ ಡೆಂಟ್ ಎಂಬ ತರುಣ 2008ರಲ್ಲಿ ಮಾಡಿದ ವಿನ್ಯಾಸ ಅದು. ಒಂದು ಪೆನ್ಸಿನಿಂದ ಐವತ್ತು ಪೆನ್ಸಿನವರೆಗೆ ಜೋಡಿಸಿಟ್ಟರೆ ರಾಜಮನೆತನದ ಗುರಾಣಿ ಪೂರ್ತಿಯಾಗುತ್ತದೆ.

ದೃಷ್ಟಿಯಿಲ್ಲದ ಸಂಗೀತದ ಮೇಷ್ಟ್ರು ಬಂದ ಹೊತ್ತು ನನಗೆ ಹೊಸ ಪಾಠ. ಅವರಿಗಾಗಿ ನಾಣ್ಯಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಚೌಕದ ಎರಡಾಣೆ, ಅಂಚು ಹೂವಿನ ಎಸಳಿನಂತಿರುವ ಒಂದಾಣೆ, ಆರು ಮೂಲೆಯ ಮೂರು ಪೈಸೆ, ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರಲ್ಲಿ ತಂದ ತೂತಿನ ಕಾಸು, ಈಚಿನ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ತಟ್ಟನೆ ಹೆಸರು ಹೇಳಿದರು. ಈಗಿನ ಕೆಲವು ನಾಣ್ಯಗಳು ಎಲ್ಲ ಒಂದೇ ದುಂಡಗೆ ಇದ್ದು ಅಂಗಡಿಯಲ್ಲಿ ಎಷ್ಟು ಕಷ್ಟವಾಗುತ್ತದೆ ಎಂಬುದನ್ನೂ ಹೇಳಿದರು. ನಾನು ಅಷ್ಟು ಕಾಲ ಚಿತ್ರ ನೋಡುತ್ತಿದ್ದೆ, ಅಂಚೂ ವಿನ್ಯಾಸವೇ ಎಂದು ತೋರಿಸಿಕೊಟ್ಟವರು ನೀವು, ಮೇಷ್ಟ್ರೇ.

ತಾಯಂದಿರು ಹೆಚ್ಚು ಗುರುತಿಸಿದ್ದು 1968ರಿಂದ ಬಂದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆಯನ್ನು, ಕಮಲದ ಚಿತ್ರದ್ದು. 'ಇದು ನಮ್ಮ ಲಕ್ಷ್ಮೀಪೂಜೆಯ ಡಬ್ಬಿಯಲ್ಲಿ ಈಗಲೂ ಇದೆ' ಎಂದು ಹೇಳಿದವರು ಎಷ್ಟೋ ಮಂದಿ.

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯವನ್ನು ನೆನೆಯದೆ ಇರಲಾರೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದವರ ಮನೆ ಅದು. ನಾಣ್ಯವನ್ನು ಹೇಗೆ ಇಡಬೇಕು, ಎಷ್ಟು ಬೆಳಕು ಬೇಕು, ನೋಡುವವರಿಗೆ ಏನು ಹೇಳಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ ತಿರುಗಾಡಿಯೇ. ನಮ್ಮ ನಾಡಿನ ಕೆಲಸ ಯಾವ ದೇಶಕ್ಕೂ ಕಡಿಮೆಯಲ್ಲ. ವಿಜಯನಗರದ ಅಚ್ಯುತರಾಯನ ವರಹದ ಮೇಲೆ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಬೆರಳ ತುದಿಯಷ್ಟು ಜಾಗದಲ್ಲಿ ಅಷ್ಟು ಬಲ ತುಂಬಿದ ಆ ಅಕ್ಕಸಾಲಿಗನ ಹೆಸರೂ ನಮಗೆ ಗೊತ್ತಿಲ್ಲ.

ಮುಖ್ಯೋಪಾಧ್ಯಾಯಿನಿಯವರಿಗೆ, ಎರಡೆರಡು ಇದ್ದ ನಾಣ್ಯಗಳನ್ನೆಲ್ಲ ಶಾಲೆಯಲ್ಲೇ ಬಿಟ್ಟಿದ್ದೇನೆ. ಮಕ್ಕಳು ಮುಟ್ಟಿ ನೋಡಲಿ, ಬೀಗ ಬೇಡ. ನನ್ನ ಹೆಂಡತಿ ಚೀಟಿಗಳನ್ನೆಲ್ಲ ಹೊಸದಾಗಿ ಬರೆದಳು, ಈ ಸಲ ನೀರಿಗೆ ಅಳಿಯದ ಪೆನ್ಸಿಲಿನಲ್ಲಿ. ನೆರೆ ಇಳಿದ ಮೇಲೆ ನಾನು ಆಲ್ಬಮ್ಮುಗಳತ್ತ ಮುಖ ಹಾಕದೆ ಕೂತಿದ್ದಾಗ ಮೊದಲ ನಾಣ್ಯವನ್ನು ತೊಳೆದವಳೂ ಅವಳೇ.

ಇನ್ನೂ ಕೆಲವಕ್ಕೆ ಕೊಟ್ಟವರ ಹೆಸರು ಸಿಕ್ಕಿಲ್ಲ. ಜೇನ್ನೊಣದ ಚಿತ್ರವಿರುವ ನಾರ್ವೆಯ ಹತ್ತು ಓರೆ, ನಡುವೆ ತೂತಿದ್ದು ಸುತ್ತ ಆನೆದಂತವಿರುವ ಪೂರ್ವ ಆಫ್ರಿಕಾದ ಹತ್ತು ಸೆಂಟು, ಭತ್ತದ ತೆನೆ ಬಾಗಿದ ಜಪಾನಿನ ಐದು ಯೆನ್, ಲೈರ್‌ಬರ್ಡ್ ಗರಿ ಬಿಚ್ಚಿದ ಆಸ್ಟ್ರೇಲಿಯದ ಹತ್ತು ಸೆಂಟು. ಇವು ನಿಮ್ಮ ಮನೆಯಿಂದ ಬಂದದ್ದಾದರೆ ದಯವಿಟ್ಟು ತಿಳಿಸಿ, ಚೀಟಿ ಖಾಲಿ ಇಟ್ಟುಕೊಂಡಿದ್ದೇವೆ.