ಧ್ವಜ ಏರಿಸಿದವರೇ ಇಳಿಸಲಿ

ಮಾನ್ಯರೇ,

ಆಗಸ್ಟ್ 16ರ ಬೆಳಿಗ್ಗೆ ಚರಂಡಿಯಲ್ಲಿ, ಕಸದ ಗಾಡಿಯಲ್ಲಿ ತ್ರಿವರ್ಣದ ಚೂರುಗಳು ಕಾಣುವುದು ಪ್ರತಿವರ್ಷದ ಪಾಡು. ಪ್ಲಾಸ್ಟಿಕ್ ಧ್ವಜ 2022ರ ಜುಲೈ 1ರಿಂದಲೇ ನಿಷೇಧಿತ ಏಕಬಳಕೆ ವಸ್ತುಗಳ ಪಟ್ಟಿಯಲ್ಲಿದೆ. ಮಾರುವವರನ್ನು ಬೈಯುತ್ತೇವೆ, ಕೊಳ್ಳುವವರು ನಾವೇ ಅಲ್ಲವೇ?

2022ರ ಜುಲೈನಲ್ಲಿ ಧ್ವಜಸಂಹಿತೆಗೆ (ರಾಷ್ಟ್ರಧ್ವಜ ಬಳಕೆಯ ನಿಯಮಾವಳಿಗೆ) ತಿದ್ದುಪಡಿಯಾಗಿ, ಮನೆಯ ಮೇಲೆ ಹಗಲು ರಾತ್ರಿ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಇದನ್ನು ಹಲವರು 'ಕಟ್ಟಿ ಮರೆತುಬಿಡಿ' ಎಂದು ಅರ್ಥಮಾಡಿಕೊಂಡಂತಿದೆ. ಬಿಸಿಲಿಗೆ ಕೇಸರಿ ಮಾಸುತ್ತದೆ. ಗಾಳಿಗೆ ಕಂಬದಿಂದ ದೂರದ ಅಂಚಿನ ಹೊಲಿಗೆ ಮೊದಲು ಬಿಚ್ಚಿ, ಎಳೆಎಳೆಯಾಗಿ ಹರಿಯುತ್ತದೆ. ಹರಿದ, ಕೊಳೆಯಾದ ಧ್ವಜ ಹಾರಿಸುವಂತಿಲ್ಲ. ವಾರಕ್ಕೊಮ್ಮೆ ಅಂಚು ನೋಡಿದರೆ ಸಾಕು.

ಕೊಳ್ಳುವಾಗ ಅಳತೆ ಗಮನಿಸಿ: ಉದ್ದ 3 ಅಡಿಯಾದರೆ ಎತ್ತರ 2 ಅಡಿ ಇರಬೇಕು. ಚಕ್ರದ ಗೆರೆಗಳು 24. ಗೋಡೆಯ ಮೇಲೆ ಪಟ್ಟಿಗಳು ಮೇಲಿಂದ ಕೆಳಕ್ಕೆ ಬರುವಂತೆ ಹಾಕಿದರೆ ನೋಡುವವರ ಎಡಕ್ಕೆ ಕೇಸರಿ ಬರಬೇಕು. ಅಂಗಡಿ, ಕಚೇರಿಗಳಲ್ಲಿ ಹೆಚ್ಚು ತಪ್ಪುವುದು ಇಲ್ಲೇ. ಧ್ವಜದ ಮೇಲೆ ಸಂಘದ ಹೆಸರನ್ನಾಗಲಿ ಶುಭಾಶಯವನ್ನಾಗಲಿ ಬರೆಯುವಂತಿಲ್ಲ.

ಹಾಳಾದ ಧ್ವಜವನ್ನು ಖಾಸಗಿಯಾಗಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕೆನ್ನುತ್ತದೆ ಸಂಹಿತೆ. ಹತ್ತಿ ಪೂರ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಅಂಟಾಗಿ ಕೆಟ್ಟ ಹೊಗೆ ಬಿಡುತ್ತದೆ. 2021ರ ಡಿಸೆಂಬರ್ ತಿದ್ದುಪಡಿ ಪಾಲಿಯೆಸ್ಟರ್‌ಗೂ ಒಪ್ಪಿಗೆ ಕೊಟ್ಟಿದೆ ನಿಜ. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿ ಧ್ವಜ ತಯಾರಾಗುವಾಗ ನಮಗೆ ಅದೇಕೆ?

ಬಡಾವಣೆ, ಅಪಾರ್ಟ್‌ಮೆಂಟ್ ಸಂಘಗಳು ಧ್ವಜ ಏರಿಸುವವರ ಹೆಸರಿನ ಜತೆಗೇ ಇಳಿಸಿ ಮಡಚಿಡುವವರ ಹೆಸರನ್ನೂ ಈ ಬಾರಿ ಸೂಚನಾ ಫಲಕದಲ್ಲಿ ಬರೆಯಲಿ.

– ಓದುಗರೊಬ್ಬರು, ಧಾರವಾಡ